ಕಾಲು ಎಲ್ಲಿತ್ತು

ಬೆಳಗ್ಗೆ ಹಲ್ಲುಜ್ಜುವಾಗಲೇ ಅವನಿಗೆ ಗೊತ್ತಾಗಿಹೋಯಿತು, ಇವತ್ತೂ ಹೇಳಲಿಕ್ಕೆ ಆಗುವುದಿಲ್ಲ ಎಂದು. ಬಾಯಿ ತುಂಬ ನೊರೆ ಇಟ್ಟುಕೊಂಡು ಕನ್ನಡಿ ಮುಂದೆ ನಿಂತಿದ್ದ. ಅಡುಗೆಮನೆಯಲ್ಲಿ ಹೆಂಡತಿ ಲೋಟ ತೊಳೆದು ಬೋರಲು ಹಾಕುವ ಸದ್ದು, ಆಮೇಲೆ ಡಬ್ಬಿಯ ಮುಚ್ಚಳ ಒತ್ತುವ ಸದ್ದು. ಹೇಳಬೇಕಾದದ್ದು ಮಹಾ ಏನಲ್ಲ, ಒಂದೇ ಮಾತು: ‘ಅವತ್ತು ನೀನು ಹೇಳಿದ್ದು ನಿಜ ಕಣೆ.’ ಮಾತಿನಿಂದಲೇ ಹೊಟ್ಟೆ ಹೊರೆಯುವವನು ಅವನು. ಗುದ್ದಿಕೊಂಡ ಗಾಡಿಗಳನ್ನು ನೋಡಿ, ಗುದ್ದಿದವರನ್ನು ಮಾತಾಡಿಸಿ, ತಪ್ಪು ಗಾಡಿಯದೋ ಓಡಿಸಿದವರದೋ ಎಂದು ತೀರ್ಮಾನ ಹೇಳುವ ಇನ್ಶೂರೆನ್ಸ್ ಸರ್ವೇಯರ್. ಎಂಥೆಂಥವರ ಬಾಯಿ ಬಿಡಿಸಿದವನಿಗೆ ತನ್ನ ಬಾಯಿ ಬಿಡಿಸಿಕೊಳ್ಳಲಿಕ್ಕೆ ಬರುತ್ತಿಲ್ಲವಲ್ಲ! ನೊರೆ ಉಗಿದು ನಲ್ಲಿ ತಿರುಗಿಸಿದ. ನೀರು ಸಣ್ಣಗೆ ಬರುತ್ತಿತ್ತು.

ಮೆಸೇಜು ಬಂದದ್ದು ಹೋದ ವಾರ, ಕಾರು ಮಾಡಿದ ಕಂಪನಿಯಿಂದ. ತಮ್ಮ ಸುರಕ್ಷತೆಯೇ ನಮಗೆ ಮುಖ್ಯ ಎಂಬ ಬೆಣ್ಣೆ ಮಾತಿನಿಂದ ಶುರುವಾಗಿ, ಈ ಮಾದರಿಯ ಗಾಡಿಗಳನ್ನೆಲ್ಲ ವಾಪಸ್ಸು ಕರೆಸಿಕೊಂಡು ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು ಪುಕ್ಕಟೆ ಬದಲಿಸಿಕೊಡುತ್ತೇವೆ ಎಂದಿತ್ತು. ಎಂಜಿನ್ನಿನ ಕವಾಟಗಳು ಯಾವಾಗ ತೆರೆಯಬೇಕು ಯಾವಾಗ ಮುಚ್ಚಬೇಕು ಎಂದು ಹಿಡಿದು ಕುಣಿಸುವ ರಬ್ಬರಿನ ಪಟ್ಟಿ ಅದು. ಈ ಗಾಡಿಗಳಲ್ಲಿ ಆಯಿಲಿನೊಳಗೇ ನೆನೆದಿರುತ್ತದೆ. ನೆನೆದೂ ನೆನೆದೂ ಪುಡಿಯಾಗಿ ಉದುರುತ್ತಿದೆಯಂತೆ. ಆ ಪುಡಿ ಹೋಗಿ ಬ್ರೇಕಿಗೆ ಬಲ ಕೊಡುವ ಪಂಪಿನ ಜಾಲರಿಗೆ ಕಟ್ಟಿಕೊಂಡರೆ ‘ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಗಟ್ಟಿಯಾಗಬಹುದು.’ ಆ ಸಾಲನ್ನು ಅವನು ಆಫೀಸಿನ ಲಿಫ್ಟಿನಲ್ಲಿ ಓದಿದ. ಅವನ ಮಹಡಿ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಅವನು ಇಳಿಯಲಿಲ್ಲ. ಯಾರೋ ಕೆಳಗಿನಿಂದ ಗುಂಡಿ ಒತ್ತಿ ಲಿಫ್ಟು ಮತ್ತೆ ನೆಲಕ್ಕೆ ಬಂದಾಗ, ಒಳಗೆ ಬಂದ ಗುಮಾಸ್ತೆ ಹೆಂಗಸು “ಯಾಕ್ ಸರ್, ಹುಷಾರಿಲ್ವಾ?” ಅಂದಿದ್ದಳು. ಅವಳಿಗೂ ಏನೋ ಒಂದು ಸುಳ್ಳು ಹೇಳಿದ.

“ಗಾಡಿ ಸರ್ವೀಸಿಗೆ ಬಿಡ್ಬೇಕು ಇವತ್ತು,” ಎಂದ, ಅಡುಗೆಮನೆ ಬಾಗಿಲಲ್ಲಿ ನಿಂತು, ಟವೆಲಿನಿಂದ ಕಿವಿ ಒರೆಸಿಕೊಳ್ಳುತ್ತ.

“ಮೊನ್ನೆ ಮೊನ್ನೆ ಆಯ್ತಲ್ಲ?”

“ಏನೋ ಚೆಕ್ ಮಾಡ್ತಾರಂತೆ. ಬಾ, ದಾರೀಲಿ ನಿನ್ನ ಇಳಿಸಿ ಹೋಗ್ತೀನಿ.”

“ಬೇಡಪ್ಪ, ಬಸ್ಸಿದೆಯಲ್ಲ. ನೀವ್ಯಾಕೆ ಸುತ್ತು ಹಾಕ್ಕೊಂಡು ಬರ್ತೀರಿ.”

ಸುತ್ತು ಎಂಥದ್ದೂ ಇರಲಿಲ್ಲ. ಆದರೆ ಅವಳು ‘ಬಸ್ಸಿದೆಯಲ್ಲ’ ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಎರಡು ಚೀಲ, ಒಂದು ಕೊಡೆ, ಬಸ್‌ಸ್ಟಾಪಿನ ಕಬ್ಬಿಣದ ಬೆಂಚು, ಆಮೇಲೆ ಬಸ್ಸಿಳಿದ ಕೂಡಲೇ ಸಿಗುವ ಕ್ಲಿನಿಕ್ಕಿನ ಹಿಂದಿನ ಕೋಣೆ. ಅಲ್ಲಿ ಅವಳು ಬೆನ್ನುನೋವಿನವರಿಗೆ ಮಷೀನು ಹಚ್ಚಿ ಗಡಿಯಾರ ನೋಡುತ್ತ ಕೂರುತ್ತಾಳೆ. ಮುಂಚೆ ಹಾಗಿರಲಿಲ್ಲ. ಲಕ್ವ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡ ಮುದುಕಿಯರು, ಇಂಥವರ ಮನೆಮನೆಗೆ ಕಾರಿನಲ್ಲಿ ಹೋಗಿ, ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ನಡೆಸಿ ಬರುತ್ತಿದ್ದಳು. ಹಿಂದಿನ ಸೀಟಿನಲ್ಲಿ ಊರುಗೋಲು, ರಬ್ಬರಿನ ಚೆಂಡು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಸಂಜೆ ಬಂದವಳೇ ಚಪ್ಪಲಿ ಬಿಡುವ ಮೊದಲು ಶುರುಮಾಡುತ್ತಿದ್ದಳು: “ಇವತ್ತು ಅಜ್ಜಿ ಬಾಗಿಲ ತನಕ ಬಂದ್ರು ರೀ! ಹೆದರಿಕೊಂಡು ಕೆಳಗೇ ನೋಡ್ತಿದ್ರು. ನಾನಂದೆ, ನೋಡ್ಬೇಡಿ ಅಜ್ಜಿ, ಕಾಲಿಗೆ ನೆನಪಿರುತ್ತೆ, ಅದನ್ನ ನಂಬಿ ಅಂತ.” ಆಗ ಅವನಿಗೆ ಕಿರಿಕಿರಿಯಾಗುತ್ತಿತ್ತು. ಈಗ ಸಂಜೆ ಅವಳು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನೇರ ಒಲೆ ಹತ್ತಿರ ಹೋಗುತ್ತಾಳೆ. ಮನೆಯಲ್ಲಿ ಇಬ್ಬರೇ, ಟೀವಿ ಮೂರನೆಯವರ ಹಾಗೆ ಮಾತಾಡಿಕೊಂಡಿರುತ್ತದೆ. ಇವತ್ತು ಅವಳು ಬೀದಿ ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತಿದ್ದು, ಆಮೇಲೆ ಕಾರಿನ ಬೀಗದ ಕೈ ತೆಗೆದುಕೊಂಡ.

ಗೇರು ಹಾಕುವಾಗ ಎಡಪಕ್ಕದ ಖಾಲಿ ಸೀಟಿನ ಕೆಳಗೆ ಕಣ್ಣು ಹೋಯಿತು. ಅಲ್ಲಿನ ಮ್ಯಾಟು ಒಂದು ಕಡೆ ಸವೆದು ತೂತಾಗಿದೆ. ಜೊತೆಗೆ ಎಲ್ಲಿಗಾದರೂ ಹೊರಟಾಗ ಅವಳು ಅಲ್ಲಿ ಕೂರುತ್ತಾಳೆ; ಸಿಗ್ನಲ್ಲು ಹತ್ತಿರ ಬಂದಾಗೆಲ್ಲ ಅವಳ ಬಲಗಾಲು, ಅವಳಿಗೇ ತಿಳಿಯದೆ, ಇಲ್ಲದ ಬ್ರೇಕನ್ನು ಒತ್ತುತ್ತದೆ. ಮೊದಮೊದಲು ಅವನು ನಗುತ್ತಿದ್ದ: “ಆ ಕಡೆ ಬ್ರೇಕಿಲ್ಲ ಮಾರಾಯ್ತಿ.” ಅವಳು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದಳು, ಮುಂದಿನ ಸಿಗ್ನಲ್ಲಿಗೆ ಮತ್ತೆ ಹಾಗೇ. ಇವತ್ತು ಖಾಲಿ ಮ್ಯಾಟನ್ನು ನೋಡಿಕೊಂಡೇ ಗಾಡಿ ಹೊರಗೆ ತಂದ. ಬ್ರೇಕನ್ನು ಮೊಟ್ಟೆಯ ಮೇಲೆ ಕಾಲಿಡುವ ಹಾಗೆ ಮುಟ್ಟಿ ಮುಟ್ಟಿ ನೋಡಿದ. ಮೆತ್ತಗಿತ್ತು. ಹಿಂದಿನ ಬೈಕಿನವನು ಹಾರ್ನು ಹೊಡೆದು, “ಓಡಿಸೋಕೆ ಬರ್ದಿದ್ರೆ ಮನೇಲಿರ್ಬೇಕು ಯಜಮಾನ್ರೇ!” ಎಂದು ಕೂಗಿ ಹೋದ. ಮೈ ಉರಿಯಿತು. ಅವಳಿಗೂ ಅವತ್ತು ಬೀದಿಯಲ್ಲಿ ಯಾರೋ ಇದೇ ಮಾತನ್ನು ಅಂದಿದ್ದರು, ಅವನು ಪಕ್ಕದಲ್ಲೇ ನಿಂತಿದ್ದ, ಏನೂ ಅಂದಿರಲಿಲ್ಲ.

ಅವತ್ತು ಫೋನು ಬಂದಾಗ ಅವನು ಇನ್ನೊಬ್ಬರ ಅಪಘಾತ ನೋಡುತ್ತಿದ್ದ. ಹೋಗಿ ನೋಡಿದರೆ ಇಳಿಜಾರು ರಸ್ತೆ, ಕೊನೆಯಲ್ಲಿ ಹೆಂಡತಿ ನಡೆಸಿ ಬರುತ್ತಿದ್ದ ಆ ಅಜ್ಜಿಯ ಮನೆ. ಕಾರಿನ ಮೂತಿ ಕಾಂಪೌಂಡು ಗೋಡೆಯನ್ನು ಒಡೆದುಕೊಂಡು ಅಂಗಳದೊಳಗೆ ಹೋಗಿತ್ತು. ಗೋಡೆಯಾಚೆ ದಿನಾ ಬಿಸಿಲಿಗೆ ಕೂರುವ ಅಜ್ಜಿಯ ಗಾಲಿಕುರ್ಚಿ ಇಟ್ಟಿಗೆಗಳಡಿ ಮಡಚಿಕೊಂಡು ಬಿದ್ದಿತ್ತು. ಖಾಲಿ. ಅಜ್ಜಿಯನ್ನು ಸೊಸೆ ಆಗತಾನೆ ಒಳಗೆ ಕರೆದುಕೊಂಡು ಹೋಗಿದ್ದಳಂತೆ. ಹೆಂಡತಿ ಒಂದೇ ಚಪ್ಪಲಿಯಲ್ಲಿ ನಿಂತು ಆ ಕುರ್ಚಿಯನ್ನೇ ನೋಡುತ್ತಿದ್ದಳು. ಅವನನ್ನು ಕಂಡವಳೇ ತೋಳು ಹಿಡಿದಳು. “ಒತ್ತಿದೆ ರೀ, ಎರಡೂ ಕಾಲಲ್ಲಿ ಒತ್ತಿದೆ. ಬ್ರೇಕು ಕಲ್ಲಾಗಿಬಿಟ್ಟಿತ್ತು. ಕೆಳಕ್ಕೇ ಹೋಗ್ಲಿಲ್ಲ.” ಯಾವ ಗಂಡನಾದರೂ ಆಗ ಅವಳ ಪೆಟ್ಟು ನೋಡುತ್ತಾನೆ. ಇವನು ರಸ್ತೆ ನೋಡಿದ. ಟೈರು ಉಜ್ಜಿದ ಕಪ್ಪು ಗುರುತು ಎಲ್ಲಿಯೂ ಇರಲಿಲ್ಲ. ‘ಬ್ರೇಕ್ ಹಿಡೀಲಿಲ್ಲ ಸರ್’ ಎಂಬ ಮಾತನ್ನು ಅವನು ದಿನ ಬೆಳಗಾದರೆ ಕೇಳುತ್ತಾನೆ. ಕುಡಿದವನೂ ಅದನ್ನೇ ಹೇಳುತ್ತಾನೆ, ನಿದ್ದೆಹೋದವನೂ ಅದನ್ನೇ ಹೇಳುತ್ತಾನೆ. ಅವನ ಬಾಯಿಂದ ರೂಢಿಯ ಪ್ರಶ್ನೆ ತಾನಾಗಿ ಬಂತು: “ಕಾಲು ಎಲ್ಲಿತ್ತು?”

ಅದು ಅವನು ಕಂಡುಕೊಂಡ ದಾರಿ. ಜಗಳವಿಲ್ಲ, ಗದರಿಕೆಯಿಲ್ಲ. ಒಂದೇ ಪ್ರಶ್ನೆಯನ್ನು ಮೂರು ಹೊತ್ತಿನಲ್ಲಿ, ಒಂದೇ ದನಿಯಲ್ಲಿ ಕೇಳುವುದು. ಮೊದಲನೇ ಸಲ ಜನ ಸಿಡುಕುತ್ತಾರೆ. ಎರಡನೇ ಸಲ ವಿವರಿಸುತ್ತಾರೆ. ಮೂರನೇ ಸಲಕ್ಕೆ ಕಣ್ಣು ಕೆಳಗಾಗುತ್ತದೆ, ‘ಇರಬಹುದೇನೋ’ ಅನ್ನುತ್ತಾರೆ. ಅಷ್ಟು ಸಾಕು. ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಹೇಳಿಕೊಟ್ಟಿದ್ದಾನೆ, ಸ್ವಲ್ಪ ಹೆಮ್ಮೆಯಿಂದಲೇ. ಹೆಂಡತಿಯನ್ನು ಎರಡನೇ ಸಲ ಕೇಳಿದ್ದು ಊಟಕ್ಕೆ ಕೂತಾಗ, ನೀರಿನ ಜಗ್ಗು ಅವಳ ಕಡೆ ಸರಿಸುತ್ತ. ಅವಳು ತಟ್ಟೆಯಿಂದ ಕೈ ತೆಗೆದು, ಮೇಜಿನ ಕೆಳಗೆ ಕಾಲು ಹೇಗೆ ಒತ್ತಿತ್ತು ಎಂದು ತೋರಿಸಿದ್ದಳು. ಮೂರನೇ ಸಲ ಮಾರನೇ ದಿನ, ಅವಳು ತಲೆ ಬಾಚಿಕೊಳ್ಳುವಾಗ. ಬಾಚಣಿಗೆ ಕೂದಲಲ್ಲೇ ನಿಂತಿತು. ಕನ್ನಡಿಯಲ್ಲಿ ಅವನನ್ನು ನೋಡಿದಳು. “ನನಗೆ ಗೊತ್ತಿಲ್ಲ ರೀ,” ಅಂದಳು. ಆಮೇಲೆ, “ಇರಬಹುದು. ಗಾಬರಿಯಲ್ಲಿ ಆ ಕಡೆ ಆಕ್ಸಿಲರೇಟರ್ ಪೆಡಲ್ ತುಳಿದಿರಬಹುದು.” ಅವನಿಗೆ ಆಗ ಸಮಾಧಾನವಾಗಿತ್ತು. ಈಗ ಸಿಗ್ನಲ್ಲಿನಲ್ಲಿ ನಿಂತು ಆ ಸಮಾಧಾನವನ್ನು ನೆನೆದ. ಯಾಕೆ ಬೇಕಾಗಿತ್ತು ಅದು? ಊರಿನವರ ಸಬೂಬನ್ನೆಲ್ಲ ಜಾಲಾಡುವವನ ಹೆಂಡತಿಯೇ ಅದೇ ಸಬೂಬು ಹೇಳಿದಳು ಅನ್ನಿಸಿಕೊಳ್ಳಬಾರದಿತ್ತು. ಈ ಕಾರೇ ಬೇಕೆಂದು ಹಟ ಹಿಡಿದು ತಂದವನು ತಾನಾಗಿದ್ದ. ಗ್ಯಾರೇಜಿನವರೂ ಬ್ರೇಕು ಸರಿಯಾಗಿದೆ ಎಂದರು. ಎಂಜಿನ್ ಇಳಿಸಿ ಆಯಿಲ್ ಬದಲಿಸಿ ತೊಳೆದ ಮೇಲೆ ಸರಿಯಿರದೆ ಏನು?

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ತಮ್ಮನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ, ಯಾರೋ ‘ಅತ್ತಿಗೆ ಯಾಕೆ ಗಾಡಿ ಮುಟ್ಟುತ್ತಿಲ್ಲ’ ಎಂದು ಕೇಳಿದ್ದಕ್ಕೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮನೆಯವಳಿಗೆ ಬ್ರೇಕೇ ಕಲ್ಲಾಗುತ್ತೆ,” ಎಂದುಬಿಟ್ಟ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಅವತ್ತಿನಿಂದ ‘ಕಲ್ಲುಬ್ರೇಕು ಅತ್ತಿಗೆ’ ಎಂದೇ ಕರೆಯತೊಡಗಿದ; ಪ್ರೀತಿಯಿಂದಲೇ ಪಾಪ, ಅವನಿಗೇನು ಗೊತ್ತು. ಅವಳೂ ನಕ್ಕಳು. ನಕ್ಕು, ಎದ್ದು, ಎಲ್ಲರ ತಟ್ಟೆಗಳನ್ನು ಒಟ್ಟುಮಾಡಿಕೊಂಡು ಒಳಗೆ ಹೋದಳು.

ಸರ್ವೀಸ್ ಸೆಂಟರಿನ ಕಾಯುವ ಕೋಣೆಯಲ್ಲಿ ಗಾಜಿನ ಗೋಡೆ, ಪ್ಲಾಸ್ಟಿಕ್ ಗಿಡ, ಟೀ ಸುರಿಯುವ ಮಷೀನು. ಬೆಲ್ಟಿನ ಕೆಲಸಕ್ಕೆ ಬಂದವರೇ ತುಂಬಿಕೊಂಡಿದ್ದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಒಬ್ಬಳು ಕೌಂಟರಿನವನ ಜೊತೆ ಜಗಳಕ್ಕಿಳಿದಿದ್ದಳು: “ಇಷ್ಟು ದಿನ ಈ ಮಗೂನ ಹಿಂದೆ ಕೂರಿಸ್ಕೊಂಡು ಓಡಾಡಿದೀನಲ್ರೀ, ಏನಾದ್ರೂ ಆಗಿದ್ರೆ ನಿಮ್ಮ ಬೆಲ್ಟ್ ತಂದ್ಕೊಡ್ತಿತ್ತಾ?” ಕೌಂಟರಿನವನು ಟೈ ಸರಿಮಾಡಿಕೊಳ್ಳುತ್ತ ‘ಮೇಡಂ, ಮೇಡಂ’ ಅನ್ನುತ್ತಿದ್ದ. ಅವಳ ಸಿಟ್ಟು ನೋಡಿ ಇವನಿಗೆ ಹೊಟ್ಟೆಕಿಚ್ಚಾಯಿತು. ಹೀಗೆ ಕೂಗಲಿಕ್ಕೂ ಒಂದು ಯೋಗ್ಯತೆ ಬೇಕು, ಅದು ತನಗಿಲ್ಲ. ಮೂಲೆಯ ಕುರ್ಚಿ ಹಿಡಿದು, ಯಾರೂ ಮಾತಾಡಿಸದಿರಲಿ ಎಂದು ಫೋನು ತೆಗೆದ. ಪಕ್ಕದ ಕುರ್ಚಿಯಲ್ಲಿದ್ದವನು ಅವನನ್ನೇ ನೋಡುತ್ತಿದ್ದ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇಳಿಬಿದ್ದಿತ್ತು, ತೆಗೆಯಲು ಮರೆತು ಬಂದವನ ಹಾಗೆ.

“ಸರ್, ನೀವು ಇನ್ಶೂರೆನ್ಸಿನವರಲ್ವಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು, ಗುರುತಿನ ಚೀಟಿ ಕಾಣುತ್ತಿದೆಯೇನೋ ಎಂದು. “ಹೌದು. ತಾವು...”

“ಜ್ಞಾಪಕ ಇರಲ್ಲ ಬಿಡಿ. ನಿಮಗೆ ನಮ್ಮಂಥವರು ನೂರು ಜನ, ನಮಗೆ ನೀವೊಬ್ರೇ. ನಾನು ಟೈಲರು. ಹಾಲಿನ ವ್ಯಾನಿಗೆ ಹಿಂದಿನಿಂದ ಹೋಗಿ ಗುದ್ದಿದ್ದೆ ನೋಡಿ. ಬ್ರೇಕು ಹಿಡೀಲಿಲ್ಲ ಸ್ವಾಮಿ ಅಂತ ಬಡ್ಕೊಂಡೆ. ನೀವು ‘ಕಾಲು ಎಲ್ಲಿತ್ತು’ ಅಂದ್ರಿ. ಬ್ರೇಕ್ ಮೇಲೆ ಅಂದೆ. ಟೀ ತರಿಸ್ದೆ, ಕುಡಿದ್ರಿ, ಚೆನ್ನಾಗಿದೆ ಅಂದ್ರಿ. ಮತ್ತೆ ‘ಕಾಲು ಎಲ್ಲಿತ್ತು’ ಅಂದ್ರಿ. ಹೊರಡೋವಾಗ ಚಪ್ಪಲಿ ಮೆಟ್ಕೊಳ್ತಾ ಇನ್ನೊಂದ್ಸಲ ಕೇಳಿದ್ರಿ, ಆವಾಗ ನೋಡಿ ನನಗೇ ಅನುಮಾನ ಬಂತು!” ಟೈಲರು ಗಟ್ಟಿಯಾಗಿ ನಕ್ಕ. ಅದರಲ್ಲಿ ಕಹಿ ಇರಲಿಲ್ಲ, ಅದೇ ಸಹಿಸಲಾಗಲಿಲ್ಲ. “ಮಷೀನು ತುಳಿದೂ ತುಳಿದೂ ಪಳಗಿದ ಕಾಲು ಸ್ವಾಮಿ ಇದು. ಆಮೇಲೆ ಎಷ್ಟೋ ದಿನ ಹೊಲಿಗೆ ಹಾಕೋವಾಗ ಬಗ್ಗಿ ಬಗ್ಗಿ ನೋಡ್ಕೊಳ್ತಿದ್ದೆ, ಸರಿಯಾದ ಜಾಗದಲ್ಲೇ ಇದೆಯಾ ಅಂತ. ಹೆಂಡತಿ ನಗೋಳು. ಮೆಸೇಜು ಬಂದ ತಕ್ಷಣ ಅವಳಿಗೇ ಮೊದಲು ಓದಿ ಹೇಳ್ದೆ. ನೋಡೇ, ಕಾಲಿನದ್ದಲ್ಲ ಕಣೆ, ಗಾಡೀದು! ಅಂತ. ಅತ್ತೇಬಿಟ್ಳು ಪಾಪ.”

“ನಾವು... ಆವಾಗ ಯಾರಿಗೂ ಗೊತ್ತಿರಲಿಲ್ಲ,” ಎಂದ ಅವನು.

“ಅಯ್ಯೋ, ನಿಮ್ಮ ಕೆಲಸ ನೀವು ಮಾಡಿದ್ರಿ. ನಿಮ್ಮ ಗಾಡೀನೂ ಇದೇನಾ? ಶಿವನೇ!” ಮತ್ತೆ ನಗು. ಆಮೇಲೆ ಸ್ವಲ್ಪ ಬಗ್ಗಿ, ಒಂದೇ ಕಾಯಿಲೆಯ ಇಬ್ಬರು ರೋಗಿಗಳ ಹಾಗೆ, “ನಿಮಗೂ ಆಗಿತ್ತಾ ಸರ್? ಗಟ್ಟಿ?”

“ಇಲ್ಲ.”

“ಪುಣ್ಯವಂತರು ಬಿಡಿ,” ಎಂದು ಟೈಲರು ಎದ್ದುಹೋಗಿ ಮಷೀನಿನಿಂದ ಎರಡು ಕಪ್ ಟೀ ತಂದ. ಒಂದನ್ನು ಅವನ ಕೈಗೆ ಕೊಟ್ಟ. ಕುಡಿಯದೆ ಬೇರೆ ದಾರಿ ಇರಲಿಲ್ಲ. ಸಕ್ಕರೆ ಜಾಸ್ತಿಯಾಗಿತ್ತು.

ಒಳಗೆ ಕರೆದಾಗ ಅವನ ಗಾಡಿ ಮೇಲೆತ್ತಿದ ಲಿಫ್ಟಿನ ಮೇಲೆ ಹೊಟ್ಟೆ ತೋರಿಸಿಕೊಂಡು ನಿಂತಿತ್ತು. ಮೆಕ್ಯಾನಿಕ್ಕು ನೀಲಿ ಬಟ್ಟೆಯ ಹೆಂಗಸು. ಕೈಗವಸು ಮೊಣಕೈವರೆಗೆ ಎಳೆದುಕೊಂಡಿದ್ದಳು. ಒಂದು ಟ್ರೇ ಮುಂದೆ ಹಿಡಿದಳು. ನಾಣ್ಯದಷ್ಟಗಲದ ಸಣ್ಣ ಜಾಲರಿ, ಅದರ ತುಂಬ ಕಪ್ಪು ಪುಡಿ, ಸೋಸಿದ ಮೇಲೆ ಉಳಿದ ಚರಟದ ಹಾಗೆ. “ಅರ್ಧ ಕಟ್ಕೊಂಡಿದೆ ಸರ್. ಮೊದಲೂ ಒಂದ್ಸಲ ಪೂರ್ತಿ ಕಟ್ಕೊಂಡಿರೋ ಹಾಗಿದೆ, ನೋಡಿ ಅಂಚಲ್ಲಿ ಹಳೇದು ಗಟ್ಟಿಯಾಗಿ ಕೂತಿದೆ. ಬ್ರೇಕು ಯಾವತ್ತಾದ್ರೂ ಬಿಗಿಯಾಗಿತ್ತಾ?” ಅವನು ಉತ್ತರ ಕೊಡದೆ, “ಅದು ಒಂದು ಸಲ ಬಂದು ಹೋಗಿಬಿಡಬಹುದಾ? ಆಮೇಲೆ ಏನೂ ಇಲ್ಲದ ಹಾಗೆ?” ಎಂದು ಕೇಳಿದ. “ಬರುತ್ತೆ ಹೋಗುತ್ತೆ ಸರ್. ಅದೇ ಪಜೀತಿ. ಹೇಳಿದ್ರೆ ಯಾರೂ ನಂಬಲ್ಲ.” ಅವಳು ಟ್ರೇ ಕೆಳಗಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಕಾರಿನೊಳಗೆ ಬಗ್ಗಿದ ಇನ್ನೊಬ್ಬನಿಗೆ ಏನೋ ಹೇಳಿದಳು. ಅವನು ಒಳಗಿಂದಲೇ, “ಡ್ರೈವರ್ ಕಡೇದು ಹೊಸದಿದ್ದಂಗಿದೆ, ಈ ಕಡೆ ಮ್ಯಾಟ್ ಯಾಕ್ ಸರ್ ತೂತಾಗಿದೆ?” ಎಂದು ಕೂಗಿದ. ಯಾರೂ ನೋಡದಾಗ ಇವನು ಜಾಲರಿಯ ಪುಡಿಯನ್ನು ಬೆರಳಲ್ಲಿ ಚಿವುಟಿ ಕರ್ಚೀಫಿನಲ್ಲಿ ಕಟ್ಟಿಕೊಂಡ. ತನ್ನದೇ ಗಾಡಿಯ ಕೊಳೆಯನ್ನು ಕದಿಯುವ ಗತಿ ಬಂತಲ್ಲ ಎನ್ನಿಸಿತು.

ಟೈಲರಿಗೆ ‘ಇಲ್ಲ’ ಎಂದದ್ದು ಸುಳ್ಳು. ಹೋದ ವರ್ಷ, ಆಫೀಸಿನ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವಾಗ, ಅವನ ಕಾಲ ಕೆಳಗೂ ಅದು ಒಂದು ಸಲ ಕಲ್ಲಾಗಿತ್ತು. ಅಪ್ಪಟ ಕಲ್ಲೇ. ಅವಳು ಅಂದದ್ದಕ್ಕಿಂತ ಬೇರೆ ಮಾತು ಅದಕ್ಕಿರಲಿಲ್ಲ. ಗಾಡಿ ತನ್ನ ಪಾಡಿಗೆ ಉರುಳಿಕೊಂಡು ಹೋಗಿ ಕಂಬಕ್ಕೆ ಮೆಲ್ಲಗೆ ಮೂತಿ ತಾಗಿಸಿ ನಿಂತಿತು. ಸುತ್ತಮುತ್ತ ನೋಡಿದ, ಯಾರೂ ಇರಲಿಲ್ಲ. ಸ್ಟೀರಿಂಗು ಹಿಡಿದುಕೊಂಡು ಕೂತವನು ತನ್ನನ್ನು ತಾನೇ ಕೇಳಿಕೊಂಡ, ಕಾಲು ಎಲ್ಲಿತ್ತು? ಬ್ರೇಕ್ ಮೇಲೆ. ಮೆಟ್ಟಿಲು ಹತ್ತುವಾಗ ಕೇಳಿಕೊಂಡ. ಮೇಜಿನ ಮುಂದೆ ಕೂತು ಇನ್ನೊಮ್ಮೆ. ಹೊಸ ಬೂಟು, ಅಟ್ಟೆ ಜಾರಿರಬಹುದು ಎಂದಿತು ಒಳಗಿನ ದನಿ, ಅಷ್ಟು ಸಾಕಾಗಿತ್ತು. ಸಂಜೆಯೇ ಆ ಬೂಟನ್ನು ವಾಚ್‌ಮನ್ನನಿಗೆ ಕೊಟ್ಟು, ಆಯಿಲ್ ಬದಲು ಮಾಡಿಸಿ, ಮನೆಗೆ ಬಂದು ಏನೂ ಹೇಳದೆ ಊಟ ಮಾಡಿದ. ಅವತ್ತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವತ್ತು ಯಾವ ಕಂಪನಿಯ ಮೆಸೇಜೂ ಬೇಕಿರಲಿಲ್ಲ.

ಸಂಜೆ ಅವಳು ಬರುವ ಹೊತ್ತಿಗೆ ಅವನು ಕಾರನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಗೇಟಿನಲ್ಲಿ ಕಾಯುತ್ತಿದ್ದ. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಎದುರುಮನೆಯ ಲೈಟು ಹತ್ತಿತ್ತು. ಎರಡು ಚೀಲ ಹೊತ್ತುಕೊಂಡು ಬಂದವಳು ಗಾಬರಿಯಾದಳು. “ಯಾಕ್ರೀ ಹೊರಗೆ ನಿಂತಿದೀರಿ? ಯಾರಿಗಾದ್ರೂ ಏನಾದ್ರೂ...”

“ಏನಿಲ್ಲ. ನಿನಗೊಂದು ಹೇಳ್ಬೇಕಿತ್ತು.” ಕರ್ಚೀಫು ಬಿಚ್ಚಿ ಅಂಗೈಯಲ್ಲಿ ಹಿಡಿದ. ಹೇಳಿದ. ಬೆಲ್ಟು, ಆಯಿಲು, ಪುಡಿ, ಜಾಲರಿ. ತಾನು ಕೋರ್ಟಿನಲ್ಲಿ ಹೇಳಿಕೆ ಕೊಡುವ ಹಾಗೆ ಹೇಳುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು, ಬೇರೆ ಥರ ಬರುತ್ತಿರಲಿಲ್ಲ. “ಅಂದ್ರೆ ಅವತ್ತು ಬ್ರೇಕು ನಿಜವಾಗ್ಲೂ ಕಲ್ಲಾಗಿತ್ತು ಕಣೆ. ನೀನು ಹೇಳಿದ್ದೇ ಸರಿ. ನಾನೇ ತಪ್ಪು.” ಮುಗಿಯಿತು. ಹೇಳಿಬಿಟ್ಟೆ. ಅವಳು ಅಳುತ್ತಾಳೆ ಎಂದುಕೊಂಡಿದ್ದ, ಟೈಲರನ ಹೆಂಡತಿಯ ಹಾಗೆ. ಅಥವಾ ಉಗಿಯುತ್ತಾಳೆ, ಅದಕ್ಕೂ ತಯಾರಾಗಿದ್ದ. ಅವಳು ಚೀಲಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

“ಅಯ್ಯೋ, ಈಗ್ಯಾಕೆ ಅದೆಲ್ಲ. ಬ್ರೇಕ್ ಎಲ್ಲಿ ಗಟ್ಟಿಯಾಗಿತ್ತು? ನಾನು ಗಾಬರೀಲಿ ಆ ಪೆಡಲ್ ತುಳಿದಿದ್ದು.”

“ಇಲ್ವೇ, ನೀನೇ ಹೇಳಿದ್ದೆಯಲ್ಲ! ಎರಡೂ ಕಾಲಲ್ಲಿ ಒತ್ತಿದೆ, ಕಲ್ಲಾಗಿತ್ತು ಅಂತ, ಅಲ್ಲೇ, ಆ ಗೋಡೆ ಹತ್ತಿರ...”

“ಹಾಗಂದಿದ್ನಾ?” ಅವಳು ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಹುಬ್ಬು ಗಂಟಾಯಿತು, ಬಿಟ್ಟಿತು. “ಆ ಹೊತ್ತಿಗೆ ಏನೋ ಅಂದಿರ್ತೀನಿ. ನೀವೇ ಅಲ್ವಾ ಬಿಡಿಸಿ ಹೇಳಿದ್ದು. ನನಗೆ ಈಗ ಅದೇ ಕಣ್ಣಿಗೆ ಕಟ್ಟಿದ ಹಾಗಿದೆ, ಕಾಲು ಆ ಪೆಡಲ್ ಮೇಲೇ ಇತ್ತು. ಅದಕ್ಕೇ ತಾನೇ ನಾನು ಓಡಿಸೋದು ಬಿಟ್ಟಿದ್ದು? ಆ ಅಜ್ಜಿ ಒಂದು ಗಳಿಗೆ ಹೊರಗೆ ಕೂತಿದ್ರೆ ಕೊಂದುಹಾಕ್ತಿದ್ದೆ. ಬನ್ನಿ ಒಳಗೆ, ಸೊಳ್ಳೆ ಕಚ್ತಾವೆ.”

ಅವನು ಅಂಗೈಯಲ್ಲಿ ಕಪ್ಪು ಪುಡಿ ಹಿಡಿದುಕೊಂಡು ನಿಂತೇ ಇದ್ದ. ಇದನ್ನು ಅವನು ಎಣಿಸಿರಲಿಲ್ಲ. ಅವಳು ಇಷ್ಟು ವರ್ಷ ತನ್ನ ಮೇಲೆ ಸಿಟ್ಟಿಟ್ಟುಕೊಂಡಿದ್ದಾಳೆ, ಒಳಗೊಳಗೇ ಆ ಸತ್ಯವನ್ನು ಕಾಪಾಡಿಕೊಂಡಿದ್ದಾಳೆ ಎಂದುಕೊಂಡಿದ್ದ. ಅದನ್ನು ಎತ್ತಿ ಕೊಟ್ಟರೆ ಇಸಿದುಕೊಳ್ಳುತ್ತಾಳೆ ಎಂದು. ಅವಳಲ್ಲಿ ಅಂಥದ್ದೇನೂ ಉಳಿದೇ ಇರಲಿಲ್ಲ. ಅಲ್ಲಿ ಇದ್ದದ್ದು ಅವನ ಮಾತು, ಅವನು ಮೂರು ಹೊತ್ತು ಕೇಳಿ ಕೇಳಿ ಕೂರಿಸಿದ್ದು. ಅವಳು ಗೇಟಿನ ಚಿಲಕಕ್ಕೆ ಕೈ ಹಾಕಿದ್ದಳು.

“ಒಂದೇ ಒಂದು ನಿಮಿಷ. ಇಲ್ಲಿ ಕೂತ್ಕೋ,” ಎಂದು ಡ್ರೈವರ್ ಬಾಗಿಲು ತೆರೆದ.

“ನಾನಾ? ಬೇಡಪ್ಪ.”

“ಎಂಜಿನ್ ಹಾಕಲ್ಲ. ಬೀಗದ ಕೈ ನನ್ನ ಹತ್ರಾನೇ ಇದೆ, ನೋಡು. ಬರೀ ಕೂತ್ಕೋ. ನಿನ್ನ ದಮ್ಮಯ್ಯ.”

ಮದುವೆಯಾದಂದಿನಿಂದ ಅವನ ಬಾಯಲ್ಲಿ ‘ದಮ್ಮಯ್ಯ’ ಎಂಬ ಮಾತು ಕೇಳಿರದ ಅವಳು ಚೀಲಗಳನ್ನು ನೆಲಕ್ಕಿಟ್ಟು ಅಂಚಿನಲ್ಲಿ ಕೂತಳು, ಬೇರೆಯವರ ಮನೆಯ ಮಂಚದ ಮೇಲೆ ಕೂರುವ ಹಾಗೆ. ಅವನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಕಾಲ ಕೆಳಗೆ ತೂತಾದ ಮ್ಯಾಟು ಸಿಕ್ಕಿತು. ಎಂಜಿನ್ ಬಂದ್ ಆಗಿದ್ದಾಗ ಬ್ರೇಕನ್ನು ನಾಲ್ಕಾರು ಸಲ ಒತ್ತಿದರೆ ಒಳಗೆ ಉಳಿದ ಬಲ ತೀರಿ ಪೆಡಲು ಬಿಗಿದುಕೊಳ್ಳುತ್ತದೆ. ಗಾಡಿ ಬಲ್ಲವರಿಗೆಲ್ಲ ಗೊತ್ತಿರುವ ವಿಷಯ. “ಬ್ರೇಕ್ ಒತ್ತು,” ಎಂದ. ಅವಳು ಒತ್ತಿದಳು. “ಇನ್ನೊಂದ್ಸಲ.” ಒತ್ತಿದಳು. ಪೆಡಲು ಉಸ್ಸೆಂದು ಉಸಿರು ಬಿಟ್ಟಿತು. “ಇನ್ನೊಂದ್ಸಲ.” “ಏನ್ರೀ ಇದು ಮಕ್ಕಳಾಟ,” ಎಂದು ಇನ್ನೊಮ್ಮೆ ಒತ್ತಿದವಳ ಕಾಲು ಅಲ್ಲೇ ನಿಂತಿತು.

ಅವಳು ಮತ್ತೆ ಒತ್ತಿದಳು. ಕೆಳಕ್ಕೆ ಹೋಗಲಿಲ್ಲ. ಎಡಗಾಲನ್ನೂ ತಂದು ಬಲಗಾಲಿನ ಮೇಲಿಟ್ಟು ಒತ್ತಿದಳು. ಹಾಗೆ ಮಾಡು ಎಂದು ಅವನು ಹೇಳಿರಲಿಲ್ಲ. ಅಂಚಿನಲ್ಲಿ ಕೂತಿದ್ದವಳು ಬೆನ್ನನ್ನು ಸೀಟಿಗೆ ಒತ್ತಿ, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಮೈಯನ್ನು ಕಾಲಿಗೆ ಇಳಿಸಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ಎದುರಿಗಿದ್ದ ಖಾಲಿ ಬೀದಿಯಲ್ಲಿ ಏನನ್ನೋ ನೋಡುತ್ತಿತ್ತು. “ಹೀಗೇ,” ಅಂದಳು. ಅವನಿಗೆ ಹೇಳಿದ್ದಲ್ಲ ಅದು. “ಹೀಗೇ ಇತ್ತು. ಕಲ್ಲು. ಕುರ್ಚಿ ಕಾಣಿಸ್ತಿತ್ತು.”

ಅವನಿಗೆ ಅಳು ಬಂತು. ಅವಳ ಕೈ ಮುಟ್ಟಬೇಕು ಎನ್ನಿಸಿತು. ಆ ಕೈ ಸ್ಟೀರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಮುಟ್ಟಲು ಜಾಗವಿರಲಿಲ್ಲ.

ಅವಳು ತಿರುಗದೆಯೇ ಕೇಳಿದಳು. “ಇಷ್ಟು ವರ್ಷ ಇದನ್ನೇ ಓಡಿಸಿದ್ರಲ್ಲ. ನಿಮಗೆ ಯಾವತ್ತೂ ಹೀಗಾಗ್ಲಿಲ್ವಾ?”

“ಇಲ್ಲ,” ಎಂದ. ಬಾಯಿ ತಾನಾಗಿಯೇ ಹೇಳಿಬಿಟ್ಟಿತು, ಅಲ್ಲಿ ಅದೇ ಮಾತು ತಯಾರಾಗಿ ಕೂತಿತ್ತು. “ನಾನು ಆಯಿಲ್ ಸರಿಯಾಗಿ ಬದಲು ಮಾಡಿಸ್ತಿದ್ದೆನಲ್ಲ, ಅದಕ್ಕೇ...”

ಎದುರುಮನೆಯಲ್ಲಿ ಯಾರೋ ಕಿಟಕಿ ಮುಚ್ಚಿದರು. ಅವಳ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು.

“ಒಂದು ಸಲಾನೂ ಆಗ್ಲಿಲ್ವಾ?”

“ಇಲ್ವೇ.”

ಹೇಳುತ್ತಲೇ ಗೊತ್ತಾಯಿತು, ಮುಂದಿನದಕ್ಕೆ ತಾನು ನಿಲ್ಲುವುದಿಲ್ಲ ಎಂದು. ಮೂರನೇ ಸಲ ಕೇಳಿದರೆ ಹೇಳಿಬಿಡುತ್ತೇನೆ. ನೆಲಮಾಳಿಗೆ, ಕಂಬ, ಬೂಟು, ಎಲ್ಲವನ್ನೂ. ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಕೇಳು, ಇನ್ನೊಂದೇ ಸಲ ಕೇಳು ಮಾರಾಯ್ತಿ ಎಂದು ಒಳಗೇ ಬೇಡಿಕೊಂಡ. ಆದರೆ ಅವಳೇನು ಸರ್ವೇಯರೇ? ಗಂಡನ ಮಾತನ್ನು ಎರಡನೇ ಸಲಕ್ಕೇ ನಂಬಿಬಿಡುವುದು ಅವಳಿಗೆ ಅಭ್ಯಾಸವಾಗಿತ್ತು.

“ಸರಿ,” ಅಂದಳು. “ನೀವು ಇಳೀರಿ.”

“ಒಳಗೆ ಹೋಗೋಣ ಬಾ.”

“ನೀವು ಇಳೀರಿ. ನಾನು ಸ್ವಲ್ಪ ಕೂತಿರ್ತೀನಿ.”

ಇಳಿದ. ಅವಳು ಕೈ ಚಾಚಿ ತನ್ನ ಕಡೆಯ ಬಾಗಿಲನ್ನೂ ಎಳೆದುಕೊಂಡಳು. ಒಳಗಿನ ದೀಪ ಒಂದು ಕ್ಷಣ ಇದ್ದು ಆರಿತು. ಅವನು ಗಾಜಿನ ಹತ್ತಿರ ಬಗ್ಗಿ “ಆಗಿತ್ತು,” ಎಂದ. ಇನ್ನೂ ಸ್ವಲ್ಪ ಗಟ್ಟಿಯಾಗಿ, “ನನಗೂ ಆಗಿತ್ತು ಕಣೆ, ಹೋದ ವರ್ಷ,” ಎಂದ. ಗಾಜು ಮೇಲಿತ್ತು, ಅವಳು ಬೀದಿ ನೋಡುತ್ತಿದ್ದಳು. ಬಡಿದು ಕರೆಯಬಹುದಿತ್ತು. ಎತ್ತಿದ ಬೆರಳು ಹಾಗೇ ಇಳಿಯಿತು. ಅವಳ ಎರಡು ಚೀಲಗಳನ್ನೂ ಎತ್ತಿಕೊಂಡು ಕಾರಿನ ಹಿಂದೆ ಹೋಗಿ ನಿಂತ. ಬ್ರೇಕಿನ ಕೆಂಪು ದೀಪ ಹೊತ್ತಿ ಅವನ ಅಂಗಿಯ ಮೇಲೆ, ಚೀಲಗಳ ಮೇಲೆ, ಗೇಟಿನ ಮೇಲೆ ಬಿತ್ತು. ಆರಿತು. ಮತ್ತೆ ಹೊತ್ತಿತು. ಅವಳು ಒತ್ತಿ ನೋಡುತ್ತಿದ್ದಳು, ಬಿಟ್ಟು ನೋಡುತ್ತಿದ್ದಳು. ಆಮೇಲೆ ದೀಪ ಆರಲೇ ಇಲ್ಲ. ಕಾಲು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.